ಜೆನೋವಾದ ಓಣಿಗಳಲ್ಲಿ ವೈನಿ

ಹೋದ ವಾರ ನಾವಿರುವ ಮಿಲ್ಟನ್ ಊರಿನ ಅಂಗಡಿಯಲ್ಲಿ ಕೊತ್ತಂಬರಿಗೆಂದು ಕೈ ಹಾಕಿದವಳಿಗೆ ಪಕ್ಕದಲ್ಲಿದ್ದ ಬೇಸಿಲ್ ಕಟ್ಟು ತಾಗಿತು. ಎಲೆಗಳು ಸ್ವಲ್ಪ ನಲುಗಿದ್ದವೇನೋ, ವಾಸನೆ ಒಮ್ಮೆಲೇ ಮೂಗಿಗೆ ಬಂತು. ಗಾಡಿ ಹಿಡಿದುಕೊಂಡು ದಾರಿಯ ನಡುವೆಯೇ ನಿಂತುಬಿಟ್ಟೆ. ಹಿಂದಿದ್ದವಳು "ಸಾರಿ" ಎನ್ನುತ್ತಾ ನನ್ನನ್ನು ಬಳಸಿಕೊಂಡು ಹೋದಳು.

ಈ ಸೊಪ್ಪಿಗೆ ನಮ್ಮಲ್ಲಿ ಕಾಮಕಸ್ತೂರಿ ಅನ್ನುತ್ತಾರೆಂದು ನನಗೆ ಹೇಳಿದವರು ವೈನಿ. ಹೇಳಿದ್ದು ಇಟಲಿಯ ಜೆನೋವಾ ಎಂಬ ಬಂದರಿನ ಊರಿನಲ್ಲಿ, ಯಾರದೋ ಮನೆಯ ಕಿಟಕಿಯ ಕೆಳಗೆ ನಿಂತು. ಒಳಗೆ ಯಾರೋ ಈ ಎಲೆ ಅರೆಯುತ್ತಿದ್ದರು, ಓಣಿಯ ತುಂಬ ಅದೇ ವಾಸನೆ. "ಅಂಕೋಲಾದಾಗ ನಾವು ಅಬ್ಬಲಿಗಿ ಹೂವಿನ ಜೋಡಿ ಇದನ್ನ ಕಟ್ಟಿ ಮುಡಕೋತಿದ್ವಿ. ಇವರು ನೋಡು, ಅರದು ತಿಂತಾರ," ಅಂದಿದ್ದರು. ಆ ಪ್ರವಾಸದಲ್ಲಿ ಅವರು ತಾವಾಗಿ ಆಡಿದ ಹಗುರವಾದ ಮಾತು ಅದೊಂದೇ ಇರಬೇಕು... ಬೇರೆ ಯಾವುದೂ ನೆನಪಾಗುತ್ತಿಲ್ಲ.

ವೈನಿ ನನಗೆ ಬಂಧುವಲ್ಲ. ನಾವು ಮೊದಲು ಮಿಸಿಸ್ಸಾಗಾದಲ್ಲಿ, ಸರೋವರದ ದಂಡೆಯ ಪೋರ್ಟ್ ಕ್ರೆಡಿಟ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಾಲುಮನೆಯೊಂದರಲ್ಲಿದ್ದೆವು. ಅವರದೂ ನಮ್ಮದೂ ಒಂದೇ ಗೋಡೆ. ನಾವು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟು ನಾನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದಾಗ, ಗೋಡೆಯಾಚೆಯಿಂದ ಕನ್ನಡ ಕೇಳಿಸಿತ್ತು. ಹೋಗಿ ಬಾಗಿಲು ಬಡಿದೆ. ಅವರ ಗಂಡ ಹುಬ್ಬಳ್ಳಿಯವರು, ನಾನು ಧಾರವಾಡದವಳು. ಅಷ್ಟು ಸಾಕಾಯಿತು. ಅವರನ್ನು ಅಣ್ಣ ಅಂದೆ, ಹಾಗಾಗಿ ಇವರು ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿಯಾದರು. ರಿಪೇರಿಯವನು ಬಂದು ಹೋಗುವ ತನಕ ನಾವು ಅವರ ಮನೆಯಲ್ಲೇ ಇದ್ದೆವು.

ವೈನಿ ಹುಟ್ಟಿದ್ದು ಅಂಕೋಲೆಯಲ್ಲಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಅವರ ಮಾತೂ ಹುಬ್ಬಳ್ಳಿಯದಾಗಿತ್ತು. ಇಲ್ಲಿ ಏರ್‌ಪೋರ್ಟಿನ ಹತ್ತಿರದ ದೊಡ್ಡ ಅಡುಗೆಮನೆಯೊಂದರಲ್ಲಿ ವಿಮಾನದವರಿಗೆ ಊಟದ ಟ್ರೇ ತುಂಬುವ ಕೆಲಸ. ಪಂಜಾಬಿ, ಗುಜರಾತಿ ಹೆಂಗಸರ ನಡುವೆ ನಿಂತೂ ನಿಂತೂ ಹಿಂದಿ ಚೆನ್ನಾಗಿ ಕಲಿತಿದ್ದರು. ಶಿಫ್ಟು ಮುಗಿಸಿ ಬಂದು ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಒಂದು ಬಟ್ಟಲಲ್ಲಿ ಏನಾದರೂ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಕೂಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮಾತಾಡಿ ಹೋಗುತ್ತಿದ್ದರು.

ಅವರ ಹಾಲ್‌ನಲ್ಲಿ ಒಬ್ಬ ಹುಡುಗನ ಫೋಟೋ ಇತ್ತು. ಬಿಳಿ ಯೂನಿಫಾರ್ಮು, ಹೊಸದಾಗಿ ಬಂದ ಮೀಸೆ, ಎಡ ಹುಬ್ಬಿನ ಮೇಲೆ ಒಂದು ಕಲೆ. "ನನ್ನ ತಮ್ಮ," ಅಂದಿದ್ದರು ನಾನು ಮೊದಲ ಸಲ ಕೇಳಿದಾಗ. ಮುಂದೆ ಏನೋ ಹೇಳುತ್ತಾರೆಂದು ಕಾದೆ. ಅವರು ಒಲೆಯ ಕಡೆ ಹೋದರು. ಉಳಿದದ್ದನ್ನು ಹೇಳಿದವರು ಅಣ್ಣ, ಇನ್ನೊಂದು ದಿನ, ಹೊರಗೆ ಹಿಮ ತೆಗೆಯುತ್ತಾ. ಹುಡುಗ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದನಂತೆ. ಯಾವುದೋ ದೇಶದ ಬಂದರಿನಲ್ಲಿ, ಅದರ ಹೆಸರು ಅಣ್ಣನಿಗೆ ನೆನಪಿರಲಿಲ್ಲ, ಊರು ನೋಡಿ ಬರುತ್ತೇನೆಂದು ಇಳಿದವನು ತಿರುಗಿ ಹಡಗು ಹತ್ತಲಿಲ್ಲ. ಕಂಪನಿಯವರು ಅವನ ಟ್ರಂಕನ್ನು ಅಂಕೋಲೆಗೆ ಕಳಿಸಿಕೊಟ್ಟರು. ಹನ್ನೆರಡು ವರ್ಷ ಕಾದು, ಶಾಸ್ತ್ರದ ಪ್ರಕಾರ ಸತ್ತನೆಂದೇ ಎಣಿಸಿ ಗೋಕರ್ಣದಲ್ಲಿ ಕ್ರಿಯೆ ಮಾಡಿಸಿದರು. "ನಿಮ್ಮ ವೈನಿ ನಿದ್ದಿ ಮಾಡ್ತಿದ್ದಿಲ್ಲವಾ. ನಾನ ಇಲ್ಲಿಂದ ಕರಕೊಂಡು ಹೋಗಿ ಮಾಡಿಸಿದೆ. ಆಮ್ಯಾಲ ಆಕಿ ಮನಶ್ಯಾಳಾದ್ಲು," ಅಂದರು ಅಣ್ಣ.

ವೈನಿಗೆ ತಾಯಿ ಬೇಗ ತೀರಿಕೊಂಡಿದ್ದರು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವರೇ. ಹೊತ್ತವರೂ ಮಗುವೇ. ಒಮ್ಮೆ ಹಿತ್ತಲಿನ ಮೆಟ್ಟಿಲ ಮೇಲೆ ಕಾಲು ಜಾರಿ, ಸೊಂಟದಲ್ಲಿದ್ದವನು ಬಿದ್ದು, ಹುಬ್ಬಿನ ಮೇಲೆ ಆ ಗಾಯವಾಗಿತ್ತಂತೆ.

ಸುಧಾ ನಮ್ಮಿಬ್ಬರಿಗೂ ಗೆಳತಿ. ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ, ಹಳೆಯ ಕಟ್ಟಡ, ಚಿತ್ರ, ಮ್ಯೂಸಿಯಂ ಅಂದರೆ ಊಟ ಬಿಡುವವಳು. ಸುಮಾರು ಎಂಟು ವರ್ಷದ ಹಿಂದೆ, ಮಕ್ಕಳನ್ನೂ ಗಂಡಂದಿರನ್ನೂ ಬಿಟ್ಟು ಮೂವರೇ ಎಲ್ಲಾದರೂ ನಾಲ್ಕು ದಿನ ಹೋಗಿಬರೋಣ ಎಂದು ಹಟ ಹಿಡಿದಳು. ವೈನಿ ನಯಾಗರಾಕ್ಕೆ ಕರೆದರೂ ಬರದವರು. ಅವರು ಬರುವುದಿಲ್ಲವೆಂದೇ ನಾವು ಇಟಲಿಯ ಊರುಗಳ ಹೆಸರು ಓದುತ್ತಾ ಕೂತಿದ್ದೆವು. ಬಾಗಿಲಿಗೆ ಒರಗಿ ನಿಂತಿದ್ದ ವೈನಿ, "ಜೆನೋವಾಕ್ಕ ಹೋಗೂಣು. ನಾನೂ ಬರ್ತೀನಿ," ಅಂದರು.

ಸುಧಾಗೆ ಎಲ್ಲಿಲ್ಲದ ಖುಷಿ. "ಪರವಾಗಿಲ್ವೇ ವೈನಿ, ಎಲ್ಲರೂ ವೆನಿಸ್ ಅಂತಾರೆ. ಅಲ್ಲಿ ಅರಮನೆಗಳು ಹೇಗಿವೆ ಗೊತ್ತಾ, ರಶ್ಶೂ ಇರಲ್ಲ," ಅಂದಳು. ವೈನಿಯ ಮಗಳು ಫೋನಿನಲ್ಲಿ "ಅಮ್ಮಾ, ಯೂ? ಇಟಲಿ? ಆರ್ ಯೂ ಶೂರ್?" ಎಂದು ನಕ್ಕಳು. ವೈನಿ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡರು. ಆ ಊರಿನ ಹೆಸರು ಅವರಿಗೆ ಹೇಗೆ ಗೊತ್ತೆಂದು ನಾವಿಬ್ಬರೂ ಕೇಳಲಿಲ್ಲ. ಕೇಳುವಂಥದ್ದು ಅಂತಲೂ ಅನ್ನಿಸಿರಲಿಲ್ಲ.

ಜೆನೋವಾ ಗುಡ್ಡದ ಇಳಿಜಾರಿನಲ್ಲಿ ಸಮುದ್ರದ ತನಕ ಜಾರಿಕೊಂಡು ಬಂದಂಥ ಊರು. ಕೆಳಗೆ ಬಂದರು, ಮೇಲೆ ಶ್ರೀಮಂತರು ಕಟ್ಟಿಸಿದ ಅರಮನೆಗಳು, ಇವೆರಡರ ನಡುವೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಓಣಿಗಳು. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟು. ಸುಧಾ ಮುಂದೆ ಮುಂದೆ ನಡೆದು ವಿವರಿಸುತ್ತಿದ್ದಳು. ಕಪ್ಪು ಬಿಳಿ ಪಟ್ಟೆಗಳ ಕಲ್ಲಿನ ಚರ್ಚು, ಅಮೃತಶಿಲೆಯ ಮೆಟ್ಟಿಲು, ಛಾವಣಿಯ ತುಂಬ ಬಣ್ಣದ ದೇವತೆಗಳು. ನಾನು ಕತ್ತು ನೋಯುವಂತೆ ಮೇಲೆ ನೋಡುತ್ತಿದ್ದೆ. ವೈನಿ ಮಾತ್ರ ಮೇಲೆ ನೋಡುತ್ತಿರಲಿಲ್ಲ. ಓಣಿಯಲ್ಲಿ ಎದುರಾಗುವ ಕಂದು ಬಣ್ಣದ ಗಂಡಸರ ಮುಖ ನೋಡುತ್ತಿದ್ದರು. ಸಾಮಾನು ಹೊರುವವರು, ಛತ್ರಿ ಮಾರುವವರು, ಹೋಟೆಲಿನ ಹಿಂದೆ ಪಾತ್ರೆ ತೊಳೆಯುವವರು. ನಮ್ಮ ಕಡೆಯವರು ಕಂಡರೆ ನೋಡುವುದು ಸಹಜ, ನಾವೆಲ್ಲ ಮಾಡುವುದೇ, ಅಂದುಕೊಂಡಿದ್ದೆ.

ಎರಡನೆಯ ದಿನ ಒಂದು ಅರಮನೆಯ ಮೇಲಿನ ಅಂತಸ್ತಿನಲ್ಲಿ, ಸುಧಾ ಯಾವುದೋ ಚಿತ್ರದ ಮುಂದೆ ನಿಂತು ಹೇಳುತ್ತಿದ್ದಾಗ, ವೈನಿ ಹೊರಗಿನ ಬಾಲ್ಕನಿಗೆ ಹೋದರು. ಅಲ್ಲಿಂದ ಕೆಳಗಿನ ಬಂದರು ಪೂರ್ತಿ ಕಾಣುತ್ತಿತ್ತು. ಕ್ರೇನುಗಳು, ದೀಪಸ್ತಂಭ, ಲಂಗರು ಹಾಕಿದ ಹಡಗುಗಳು. ನಾವು ಹುಡುಕಿಕೊಂಡು ಹೋದಾಗ ಅವರು ಕಟಕಟೆ ಹಿಡಿದು ನಿಂತಿದ್ದರು.

"ಸುಧಾ, ನನ್ನ ತಮ್ಮ ಹಡಗಿನಿಂದ ಇಳದದ್ದು ಈ ಊರಾಗ," ಅಂದರು. "ಇಳದಾಂವ ತಿರುಗಿ ಹತ್ತಲಿಲ್ಲ."

ಸುಧಾ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು. "ಮೊದಲೇ ಹೇಳಬಾರದಿತ್ತಾ ವೈನಿ? ಬಂದ ದಿನಾನೇ ಹುಡುಕ್ತಿದ್ವಿ," ಅಂದಳು.

"ಹೇಳಿದ್ರ ನೀವು ಊರು ನೋಡ್ತಿದ್ದಿಲ್ಲ. ನನ್ನ ಮಾರಿ ನೋಡಕೋತ ತಿರಗತಿದ್ರಿ. ಕ್ರಿಯಾ ಆಗ್ಯದ, ಎಲ್ಲಾ ಮುಗದದ. ಆಂವ ನಡದಾಡಿದ ಜಾಗಾ ಒಂದ ಸರ್ತಿ ನೋಡಿ ಹೋಗಬೇಕು ಅಂತಿತ್ತು, ಅಷ್ಟ."

ಅಷ್ಟೇ ಅಲ್ಲವೆಂದು ಅವರ ಪರ್ಸು ಹೇಳುತ್ತಿತ್ತು. ಹಾಲ್‌ನಲ್ಲಿದ್ದ ಫೋಟೋದ ಸಣ್ಣ ಪ್ರತಿಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು.

ಅಲ್ಲಿಂದ ಮುಂದೆ ನಾವು ಅರಮನೆ ನೋಡಲಿಲ್ಲ. ಬಂದರಿನ ಹತ್ತಿರ, ಊರಿಗೆ ಬಂದಿಳಿಯುವ ಹಡಗಿನವರಿಗೆ ಕೂತು ಚಹಾ ಕುಡಿಯಲು, ಮನೆಗೆ ಫೋನ್ ಮಾಡಲು ಒಂದು ಜಾಗವಿದೆಯೆಂದು ಸುಧಾ ಪತ್ತೆ ಹಚ್ಚಿದಳು. ಅಲ್ಲಿದ್ದ ಹೆಂಗಸು ಒಳ್ಳೆಯವಳು. ಫೋಟೋ ನೋಡಿ ತಲೆಯಾಡಿಸಿದಳು. ಅಷ್ಟು ವರ್ಷದ ಹಿಂದಿನವರನ್ನು ಬಲ್ಲವರು ಇಲ್ಲಿ ಯಾರೂ ಉಳಿದಿಲ್ಲ, ಅದೂ ಅಲ್ಲದೆ ಹಡಗು ಬಿಟ್ಟು ಓಡಿದವರು ಪೊಲೀಸರ ಭಯಕ್ಕೆ ನಮ್ಮ ಹತ್ತಿರ ಬರುವುದಿಲ್ಲ ಅಂದಳು. ನಾವು ಎದ್ದಾಗ, ಮೇಲಿನ ಓಣಿಗಳಲ್ಲಿ ಬಾಂಗ್ಲಾದೇಶದವರ ಹಳೆಯ ಅಂಗಡಿಗಳಿವೆ, ಅಲ್ಲಿ ಕೇಳಿ ನೋಡಿ, ಎಂದು ಕೈ ತೋರಿಸಿದಳು.

ನಾಲ್ಕೈದು ಅಂಗಡಿಗಳಲ್ಲಿ ಇಲ್ಲ ಅನ್ನಿಸಿಕೊಂಡೆವು. ಒಂದೊಂದು ಇಲ್ಲಕ್ಕೂ ವೈನಿಯ ಮುಖ ಹಗುರಾಗುತ್ತಿದೆಯೆಂದು ನನಗೆ ಅನ್ನಿಸುತ್ತಿತ್ತು. ಮಾಡುವುದನ್ನೆಲ್ಲ ಮಾಡಿದೆ, ಇನ್ನು ಉಳಿದಿಲ್ಲ ಅನ್ನುವಂಥ ಹಗುರು. ನಾವು ಅಲ್ಲಿಗೇ ತಿರುಗಿದ್ದರೆ... ತಿರುಗಲಿಲ್ಲ. ಇನ್ನೊಂದು ಅಂಗಡಿ ಇತ್ತು. ಅಕ್ಕಿಯ ಚೀಲಗಳು, ಸಾಸಿವೆ ಎಣ್ಣೆಯ ಘಾಟು, ಗಲ್ಲಾದಲ್ಲಿ ಒಬ್ಬ ಯುವಕ. ಅವನು ಫೋಟೋ ನೋಡಿ, ನನಗೆ ಗೊತ್ತಿಲ್ಲ, ಚಾಚಾಗೆ ತೋರಿಸೋಣ ಎಂದು ಹಿಂದಿಯಲ್ಲಿ ಹೇಳಿ ಒಳಗಿನಿಂದ ಒಬ್ಬ ಮುದುಕರನ್ನು ಕರೆತಂದ.

ಮುದುಕರು ಕನ್ನಡಕ ಹಾಕಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಎಡ ಹುಬ್ಬಿನ ಮೇಲೆ ಬೆರಳಿಟ್ಟು, ಇಲ್ಲಿ ಕಲೆ ಇತ್ತಲ್ಲವೇ ಎಂದು ಕೇಳಿದರು. ಫೋಟೋದ ಆ ಸಣ್ಣ ಪ್ರತಿಯಲ್ಲಿ ಕಲೆ ಕಾಣುತ್ತಿರಲಿಲ್ಲ. ವೈನಿ ನನ್ನ ತೋಳು ಹಿಡಿದರು.

ಶ್ರೀಲಂಕಾದವನು ಅಂತ ಹೇಳಿಕೊಂಡಿದ್ದ, ಅಂದರು ಮುದುಕರು. ನಾವು ನಂಬಿರಲಿಲ್ಲ, ಆದರೆ ಈ ಓಣಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮ ಅಂಗಡಿಯಲ್ಲೇ ಚೀಲ ಇಳಿಸುತ್ತಿದ್ದ. ಹಿಂದಿ ಆಡುತ್ತಿದ್ದ, ಇಟಾಲಿಯನ್ ಆಡುತ್ತಿದ್ದ, ತನ್ನ ಭಾಷೆ ಆಡಿದ್ದು ಒಂದು ದಿನವೂ ಕೇಳಲಿಲ್ಲ. ಚೀಲ ಎಣಿಸುವಾಗ ಮಾತ್ರ ಬಾಯಿ ತಪ್ಪಿ ಬರುತ್ತಿತ್ತು... ಎಂದು ಹೇಳಿ, ಛಾವಣಿಯ ಕಡೆ ನೋಡುತ್ತಾ, ನೆನಪಿಸಿಕೊಳ್ಳುತ್ತಾ, ಒಂದೊಂದೇ ಬೆರಳು ಮಡಿಸಿದರು.

"ವೊಂದು... ಯರಡು... ಮೂರು... ನಾಕು..."

ಮುಂದಿನದು ಅವರಿಗೆ ಬರಲಿಲ್ಲ. ಬೆರಳು ಹಾಗೇ ನಿಂತಿತು.

"ಐದು," ಅಂದರು ವೈನಿ.

"ಹಾಂ, ಐದು," ಅಂದರು ಮುದುಕರು.

ನಾನು ಆ ಕ್ಷಣದಲ್ಲಿ ಅತ್ತೆ. ಸುಧಾ ಕೂಡ ಅತ್ತಳು. ವೈನಿ ಅಳಲಿಲ್ಲ. ಅವರ ಮುಖದಲ್ಲಿ ನಾನು ಅದುವರೆಗೆ ನೋಡಿರದಂಥ ಬೆಳಕು ಬಂದಿತ್ತು. ಎಲ್ಲಿದ್ದಾನೆ ಈಗ, ಎಂದು ಅವಸರವಾಗಿ ಕೇಳಿದರು. ಮುದುಕರು ತಲೆಯಾಡಿಸಿದರು. ಬಹಳ ವರ್ಷ ಇದ್ದ, ನನ್ನ ದೊಡ್ಡ ಮಗಳ ಮದುವೆಯಾದ ಚಳಿಗಾಲದಲ್ಲಿ ಕೆಮ್ಮು ಹೆಚ್ಚಾಗಿತ್ತು, ಆಮೇಲೆ ಫ್ರಾನ್ಸ್ ಕಡೆಯ ಇನ್ನೊಂದು ಬಂದರಿನಲ್ಲಿ ಕೆಲಸ ಇದೆಯಂತೆ ಎಂದು ಹೊರಟುಹೋದ, ಮತ್ತೆ ಸುದ್ದಿ ಇಲ್ಲ ಅಂದರು. ಮಗಳ ಮದುವೆ ಯಾವಾಗ ಆಯಿತೆಂದು ವೈನಿ ಕೇಳಿದರು. ಮುದುಕರು ವರ್ಷ ಹೇಳಿದರು. ಗೋಕರ್ಣದಲ್ಲಿ ಕ್ರಿಯೆ ಮುಗಿದು ಆಗಲೇ ನಾಲ್ಕೈದು ವರ್ಷವಾಗಿತ್ತು.

ವೈನಿ ಇನ್ನೊಂದು ಮಾತು ಕೇಳಿದರು. ಕೇಳದೆ ಇರಲು ಯಾರಿಂದ ಆಗುತ್ತಿತ್ತು? ಮನೆಯವರ ಬಗ್ಗೆ ಏನಾದರೂ ಹೇಳುತ್ತಿದ್ದನೇ, ಅಕ್ಕನ ಬಗ್ಗೆ?

ಮುದುಕರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಒಂದು ಈದ್ ದಿನ ಕೇಳಿದ್ದೆ ಬೆಹೆನ್‌ಜೀ, ಊರಲ್ಲಿ ಯಾರಿದ್ದಾರೆ ಅಂತ," ಎಂದು ಹಿಂದಿಯಲ್ಲೇ ಅಂದರು. "ಕೋಯೀ ನಹೀ ಅಂದ. ಸಬ್ ಮರ್ ಗಯೇ."

ಯಾರೂ ಇಲ್ಲ, ಎಲ್ಲರೂ ಸತ್ತುಹೋದರು...

ವೈನಿ ಅಕ್ಕಿ ಚೀಲದ ಮೇಲೆ ಕೈ ಇಟ್ಟರು. ಆಮೇಲೆ ಕೇಳಿದ್ದು, ಚಳಿಗಾಲದಲ್ಲಿ ಅವನಿಗೆ ಕೋಟು ಇತ್ತೇ ಅಂತ. ಇತ್ತು, ನಾನೇ ಕೊಟ್ಟಿದ್ದೆ, ಅಂದರು ಮುದುಕರು. ವೈನಿ ಬಗ್ಗಿ ಅವರ ಕಾಲು ಮುಟ್ಟಲು ಹೋದರು. ಅವರು ಗಾಬರಿಯಾಗಿ ಹಿಂದೆ ಸರಿದರು.

ಕೊನೆಯ ದಿನ ಹಳೆಯ ಬಂದರಿನ ದಂಡೆಯಲ್ಲಿ ಒಂದು ಬೆಂಚಿನ ಮೇಲೆ ಕೂತೇ ಕಳೆದೆವು. ಸುಧಾ ಮೊದಲೇ ಕೊಂಡಿದ್ದ ಮ್ಯೂಸಿಯಂ ಟಿಕೆಟ್‌ಗಳು ಅವಳ ಬ್ಯಾಗಿನಲ್ಲೇ ಉಳಿದವು. ಪ್ರವಾಸಿಗರು ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಿದ್ದರು. ಬಿಸಿಲು ಚೆನ್ನಾಗಿತ್ತು.

"ಅಪ್ಪ ದರ್ಭಿದು ಮನಶ್ಯಾನ ಆಕಾರ ಮಾಡಿಸಿ ಸುಟ್ಟರು," ಅಂದರು ವೈನಿ. "ನಾ ನೋಡಕೋತ ನಿಂತಿದ್ದೆ. ಆವತ್ತ ಆಂವ ಇಲ್ಲೆ ಅಕ್ಕಿ ಚೀಲ ಹೊರಲಿಕ್ಕತ್ತಿದ್ದ."

ಮತ್ತೆ, "ಯಾಕ ಹಿಂಗ ಮಾಡಿದ? ಬೈದವರಿಲ್ಲ, ಬಡದವರಿಲ್ಲ. ಯಾಕ?" ಅಂದರು.

ಹಡಗಿನಲ್ಲಿ ಅವನಿಗೆ ಏನಾಯಿತು, ಯಾವ ಅವಮಾನ, ಯಾವ ಹೆದರಿಕೆ, ಅಥವಾ ಬರೀ ಒಂದು ದಿನದ ಹುಚ್ಚು ಆಮೇಲೆ ನಾಚಿಕೆಯಾಗಿ ವರ್ಷಗಟ್ಟಲೆ ಬೆಳೆಯಿತೋ... ಯಾರು ಹೇಳಬೇಕು.

ಏರ್‌ಪೋರ್ಟಿಗೆ ಹೊರಡುವ ಮುಂಚೆ ವೈನಿ ನಮ್ಮಿಬ್ಬರ ಕೈ ಹಿಡಿದು ಮಾತು ತೆಗೆದುಕೊಂಡರು. "ನಿಮ್ಮ ಅಣ್ಣಾಗ ಹೇಳಬ್ಯಾಡ್ರಿ. ನನಗ ನಿದ್ದಿ ಬರಲಿ ಅಂತ ಮಾಡಿಸ್ಯಾರ ಅದನ್ನ. ಜೀವಂತ ಇದ್ದಾಂವನ್ನ ಸುಟ್ಟಂಗಾತು ಅನ್ನೋದು ಅವರ ತಲ್ಯಾಗ ಹೊಕ್ಕರ, ಪಾಪ, ಅವರು ಉಳಿಯೂದಿಲ್ಲ."

ಮಿಸಿಸ್ಸಾಗಾಕ್ಕೆ ಬಂದ ಮೇಲೆ ಸುಧಾ ಫ್ರಾನ್ಸಿನ ಬಂದರುಗಳಿಗೆಲ್ಲ ಮೇಲ್ ಬರೆದಳು. ಎರಡು ಕಡೆಯಿಂದ ಮರ್ಯಾದೆಯ ಉತ್ತರ ಬಂತು, ಸುದ್ದಿ ಬರಲಿಲ್ಲ. ಅವನ ಹೆಸರು ಅಲ್ಲಿ ಏನಿತ್ತೋ, ಅದೇ ನಮಗೆ ಗೊತ್ತಿರಲಿಲ್ಲ.

ಆ ವರ್ಷ ಪಕ್ಷಮಾಸದಲ್ಲಿ ಅಣ್ಣ ಎಂದಿನಂತೆ ಭಾವಮೈದುನನ ಹೆಸರಿನಲ್ಲಿ ಎಡೆ ಇಡಲು ಹೊರಟಾಗ ವೈನಿ ಬೇಡ ಅಂದರಂತೆ. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಅಣ್ಣ ನನ್ನ ಹತ್ತಿರ ಬಂದು, "ಆಕಿಗೆ ಏನಾಗ್ಯದ ತಂಗೀ?" ಎಂದು ಕೇಳಿದರು. ಪ್ರಯಾಣದ ಸುಸ್ತಿರಬೇಕು ಅಂದೆ. ಆಮೇಲೆ ವೈನಿ ಬಟ್ಟಲು ಹಿಡಿದು ಬರುವುದು ಕಡಿಮೆಯಾಯಿತು. ಕೆಲಸ ಬಿಟ್ಟರು. ಗೋಡೆಯ ಆಚೆ ಕುಕ್ಕರಿನ ಸೀಟಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ದಿನಾ ಸಂಜೆ ಒಬ್ಬರೇ ಪೋರ್ಟ್ ಕ್ರೆಡಿಟ್ ತನಕ ನಡೆದು ಹೋಗಿ ದೋಣಿಗಳು ನಿಲ್ಲುವಲ್ಲಿ ಕೂಡುತ್ತಿದ್ದರು. ಒಂದು ದಿನ ನಾನೂ ಜೊತೆಗೆ ಹೋಗಿ ಕೂತೆ. ಹಾಯಿದೋಣಿಗಳನ್ನು ತೊಳೆದು ಚಳಿಗಾಲಕ್ಕೆ ಮುಸುಕು ಹಾಕುತ್ತಿದ್ದರು.

"ಸತ್ತಾನ ಅಂದಾಗ ಅತ್ತು ಮುಗಿಸಿದ್ದೆ," ಅಂದರು. "ಈಗ ಮುಗಿಯೂದಿಲ್ಲ ನೋಡು. ಮಳಿ ಬಂದ್ರ ಆಂವ ಎಲ್ಲೆ ನಿಂತಾನೋ ಅನಸ್ತದ. ಕೆಮ್ಮು ಕಡಿಮಿ ಆತೋ ಇಲ್ಲೋ. ಸತ್ತಿದ್ರ, ಯಾರ ಸುಟ್ಟರೋ..."

ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. ಎಲುಬು ಸಿಕ್ಕಿತು.

ನಾವು ಮಿಲ್ಟನ್ನಿಗೆ ಮನೆ ಬದಲಿಸಿದೆವು. ವೈನಿಗೆ ಹೃದಯದ ತೊಂದರೆ ಶುರುವಾದಾಗ ಇನ್ನೊಂದು ಊರಾದ ನ್ಯೂಮಾರ್ಕೆಟ್‌ನಲ್ಲಿದ್ದ ಮಗಳು ತನ್ನ ಹತ್ತಿರ ಕರೆದುಕೊಂಡು ಹೋದಳು. ಹೋದ ಚಳಿಗಾಲದಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದರು. ನನ್ನ ಗುರುತು ಹಿಡಿದರು, ಕೈ ಹಿಡಿದುಕೊಂಡರು, ಮಿಲ್ಟನ್ನಿನಲ್ಲಿ ಹಿಮ ಎಷ್ಟು ಬಿದ್ದದ ಎಂದು ಕೇಳಿದರು. ಕಣ್ಣು ಮಾತ್ರ ನನ್ನ ಮೇಲೆ ನಿಲ್ಲಲಿಲ್ಲ. ತೆರೆದ ಬಾಗಿಲಿನಾಚೆ ಮಂಚ ತಳ್ಳುವವರು, ನೆಲ ಒರೆಸುವವರು, ಊಟದ ಗಾಡಿ ತರುವವರು ಹೋಗುತ್ತಿದ್ದರು. ನಮ್ಮ ಬಣ್ಣದ ಗಂಡಸು ಹಾದಾಗಲೆಲ್ಲ ವೈನಿಯ ತಲೆ ದಿಂಬಿನಿಂದ ಒಂದಿಷ್ಟು ಏಳುತ್ತಿತ್ತು. ಅವನು ಹೋದ ಮೇಲೆ ತಿರುಗಿ ದಿಂಬಿಗೆ. ಪಕ್ಕದಲ್ಲಿ ಕೂತಿದ್ದ ಅಣ್ಣ, "ಮಗಳ ದಾರಿ ಕಾಯ್ತಾಳ," ಅಂದರು. ಆ ವಾರವೇ ವೈನಿ ಹೋದರು.

ಹದಿಮೂರನೆಯ ದಿನದ ಊಟವಾದ ಮೇಲೆ ಅಣ್ಣ ನನ್ನನ್ನೂ ಸುಧಾಳನ್ನೂ ಕರೆದರು. "ನಿಮ್ಮ ವೈನಿದು ಒಂದೂ ಛಲೋ ಫೋಟೋ ಇಲ್ಲ ನಮ್ಮ ಕಡೆ. ಎಲ್ಲೂ ಹೋದಾಕಿ ಅಲ್ಲ ಆಕಿ. ಇಟಲಿಯೊಳಗ ತಗದಿದ್ದು ಇದ್ರ ಕಳಸ್ರಿ. ಹಾರ ಹಾಕಲಿಕ್ಕೆ ಬೇಕು."

ಅವತ್ತು ನಾವಿಬ್ಬರೂ ಸುಧಾಳ ಕಾರಿನಲ್ಲಿ ಕೂತು ಫೋನುಗಳನ್ನು ತೆರೆದೆವು. ಫೋಟೋಗಳು ಬೇಕಾದಷ್ಟಿದ್ದವು. ಚರ್ಚಿನ ಮುಂದೆ, ಮೆಟ್ಟಿಲ ಮೇಲೆ, ಕಾರಂಜಿಯ ಹತ್ತಿರ ನಾವು ಮೂವರು. ಯಾವುದರಲ್ಲೂ ವೈನಿ ಕ್ಯಾಮೆರಾ ನೋಡಿಲ್ಲ. ಸುಧಾ ನಗುತ್ತಿದ್ದಾಳೆ, ನಾನು ನಗುತ್ತಿದ್ದೇನೆ, ವೈನಿ ಚಿತ್ರದಿಂದಾಚೆ ಎತ್ತಲೋ ನೋಡುತ್ತಿದ್ದಾರೆ. ತೆಗೆದಾಗ ನಮಗಿಬ್ಬರಿಗೂ ಅದು ಕಂಡಿರಲಿಲ್ಲ. ಕೊನೆಗೆ ಒಂದು ಸಿಕ್ಕಿತು, ಮೊದಲ ದಿನದ್ದು. ಓಣಿಯ ತಿರುವಿನಲ್ಲಿ ವೈನಿ ಒಬ್ಬರೇ. ತುಟಿ ತುಸು ತೆರೆದಿದೆ, ಹುಬ್ಬು ಮೇಲೇರಿದೆ, ಮುಖವೆಲ್ಲ ಅರಳಿದೆ. ಯಾರನ್ನೋ ಈಗ ಕರೆಯುತ್ತಾರೆ ಅನ್ನುವ ಹಾಗೆ. ಸುಧಾ ಅದನ್ನೇ ಕಳಿಸಿದಳು.

ನಿನ್ನೆ ನ್ಯೂಮಾರ್ಕೆಟ್‌ಗೆ ಹೋಗಿದ್ದೆ. ಅಣ್ಣ ಈಗ ಮಗಳ ಮನೆಯ ಬೇಸ್‌ಮೆಂಟಿನಲ್ಲಿದ್ದಾರೆ. ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ, ಭಾವಮೈದುನನ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದಾರೆ. ಅವನಿಗೂ ಈಗ ಒಂದು ಹಾರ ಬಂದಿದೆ. "ಅಕ್ಕ ತಮ್ಮ ಕೂಡಿದ್ರು ನೋಡು," ಅಂದರು. ನಾನು ನೋಡಿದೆ. ಅಣ್ಣ ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ನಿಂತರು.

"ಎಷ್ಟ ಖುಷಿಲೆ ಇದ್ದಾಳ ಇಲ್ಲೆ. ಯಾರನ್ನ ನೋಡ್ಲಿಕ್ಕತ್ತಾಳ ತಂಗೀ?"

"ಯಾರೋ ಹೊಂಟಿದ್ರು ಅಣ್ಣಾ," ಅಂದೆ. "ದಾರಿಲೆ ಹೋಗೋರು."